ಪಿ0456 ಕೋಡ್ ಪದೇ ಪದೇ: ಪೆಟ್ರೋಲ್ ಆವಿ ಸೋರುತ್ತಿರುವುದೆಲ್ಲಿ?

ಪ್ರಶ್ನೆ:
ಚೆಕ್ ಎಂಜಿನ್ ಲೈಟ್ ಹೊತ್ತಿದೆ, ಸ್ಕ್ಯಾನರ್‌ನಲ್ಲಿ ಪಿ0456 (ಪೆಟ್ರೋಲ್ ಆವಿ ಎಲ್ಲೋ ಅತಿ ಸಣ್ಣದಾಗಿ ಸೋರುತ್ತಿದೆ ಎಂಬ ಕೋಡ್). ಟ್ಯಾಂಕಿಗೆ ಹೊಸ ಮುಚ್ಚಳ ಹಾಕಿ ಕೋಡ್ ಅಳಿಸಿದರೂ ವಾರದೊಳಗೆ ವಾಪಸ್. ಪೆಟ್ರೋಲ್ ತುಂಬಿಸಿದ ಕೂಡಲೇ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಇನ್ನೇನು ನೋಡಲಿ?

ಉತ್ತರ 1:
ನಿಮ್ಮ ಕೊನೆಯ ಮಾತೇ ಸುಳಿವು. ಪರ್ಜ್ ವಾಲ್ವ್ (ಟ್ಯಾಂಕಿನ ಆವಿಯನ್ನು ಬೇಕಾದಾಗ ಮಾತ್ರ ಎಂಜಿನ್‌ಗೆ ಬಿಡುವ ಕವಾಟ) ಪೂರ್ತಿ ಮುಚ್ಚದಿದ್ದರೆ ಟ್ಯಾಂಕಿನ ಆವಿ ನೇರ ಇನ್‌ಟೇಕ್‌ಗೆ ನುಗ್ಗಿ ಮಿಶ್ರಣ ಕೆಡುತ್ತದೆ. ಪರೀಕ್ಷೆಗೆ ಎರಡು ನಿಮಿಷ ಸಾಕು: ಎಂಜಿನ್ ಐಡಲ್‌ನಲ್ಲಿರಲಿ, ವಾಲ್ವ್‌ನ ವೈರ್ ಕನೆಕ್ಟರ್ ಕಳಚಿ, ಕ್ಯಾನಿಸ್ಟರ್ (ಆವಿ ಹಿಡಿದಿಡುವ ಇದ್ದಿಲಿನ ಡಬ್ಬಿ) ಕಡೆಯ ಪೈಪ್ ಬಿಚ್ಚಿ ಆ ತೂತಿಗೆ ಬೆರಳಿಡಿ. ಕರೆಂಟ್ ಇಲ್ಲದಾಗ ಅದು ಮುಚ್ಚಿರಬೇಕು. ಬೆರಳನ್ನು ಒಳಕ್ಕೆ ಎಳೆದರೆ ವಾಲ್ವ್ ಹೋಗಿದೆ.

ಉತ್ತರ 2:
ಮೇಲಿನದು ಸರಿ, ಆದರೆ ಎಳೆಯದಿದ್ದರೆ ಅಂದಾಜಿಗೆ ಬಿಡಿಭಾಗ ಬದಲಿಸುತ್ತ ಕೂರಬೇಡಿ. ಪಿ0456 ಅಂದರೆ ಸುಮಾರು ಅರ್ಧ ಮಿಲಿಮೀಟರ್ ತೂತು, ಕಣ್ಣಿಗೆ ಸಿಗುವುದಿಲ್ಲ. ಸ್ಮೋಕ್ ಟೆಸ್ಟ್ (ಒಳಗೆ ಹೊಗೆ ಬಿಟ್ಟು ಎಲ್ಲಿಂದ ಹೊರಬರುತ್ತದೆ ಎಂದು ನೋಡುವುದು) ಮಾಡಿಸಿ. ಒತ್ತಡ 1 ಪಿಎಸ್‌ಐ ದಾಟಬಾರದು. ಕಂಪ್ರೆಸರ್ ಗಾಳಿಯನ್ನಂತೂ ಬಿಡಲೇಬಾರದು. ಪೆಟ್ರೋಲ್ ಆವಿಗೆ ಗಾಳಿ ಸೇರಿದರೆ ಕಿಡಿಯೊಂದೇ ಬಾಕಿ.

ಇಲ್ಲಿ ಬಹಳ ಜನ ಎಡವುತ್ತಾರೆ: ವೆಂಟ್ ವಾಲ್ವ್ (ಕ್ಯಾನಿಸ್ಟರ್‌ಗೆ ಹೊರಗಿನ ಗಾಳಿ ಬಿಡುವ ಕವಾಟ) ಸಾಮಾನ್ಯವಾಗಿ ತೆರೆದೇ ಇರುತ್ತದೆ. ಸ್ಕ್ಯಾನರ್‌ನಿಂದ ಅದನ್ನು ಮುಚ್ಚಿಸದೆ ಹೊಗೆ ಬಿಟ್ಟರೆ ಅಲ್ಲಿಂದಲೇ ಬರುತ್ತದೆ, "ವೆಂಟ್ ವಾಲ್ವ್ ಕೆಟ್ಟಿದೆ" ಅಂತ ಬಿಲ್ ಬರೆದುಬಿಡುತ್ತಾರೆ. ಮುಚ್ಚಿಸಿದ ಮೇಲೆ ಟಾರ್ಚ್ ಓರೆ ಹಿಡಿದು ಫ್ಯೂಯಲ್ ಪಂಪ್ ಮೇಲಿನ ರಬ್ಬರ್ ರಿಂಗ್, ತುಕ್ಕು ಹಿಡಿದ ಫಿಲ್ಲರ್ ಪೈಪ್, ಕ್ಯಾನಿಸ್ಟರ್‌ನ ಪೈಪ್ ಜೋಡಣೆಗಳನ್ನು ನೋಡಿ.

ಪ್ರಶ್ನೆ ಕೇಳಿದವರು:
ಬೆರಳು ಎಳೆಯಿತು. ವಾಲ್ವ್ ಮಾತ್ರ ಬದಲಿಸಿದರೆ ಸಾಕೇ?

ಉತ್ತರ 1:
ಹಳೇ ವಾಲ್ವ್ ಬಿಚ್ಚಿ ಬಿಳಿ ಕಾಗದದ ಮೇಲೆ ತಟ್ಟಿ. ಕರಿ ಹರಳು ಉದುರಿದರೆ ಕ್ಯಾನಿಸ್ಟರ್ ಒಳಗಿನ ಇದ್ದಿಲು ಪುಡಿಯಾಗಿ ಬಂದು ವಾಲ್ವ್ ಬಾಯಿಗೆ ಸಿಕ್ಕಿಕೊಂಡಿದೆ ಎಂದರ್ಥ. ಆಗ ಕ್ಯಾನಿಸ್ಟರ್ ಕೂಡ ಬದಲಿಸಿ, ನಡುವಿನ ಪೈಪ್ ಸ್ವಚ್ಛ ಮಾಡಿ. ಇಲ್ಲವಾದರೆ ಹೊಸ ವಾಲ್ವ್‌ಗೂ ಅದೇ ಗತಿ. ನಾಝಲ್ ಕಟ್ ಆದ ಮೇಲೂ ಒತ್ತಿ ಒತ್ತಿ ತುಂಬಿಸುವ ಅಭ್ಯಾಸವಿದ್ದರೆ ಬಿಡಿ, ದ್ರವ ಪೆಟ್ರೋಲ್ ಕ್ಯಾನಿಸ್ಟರ್ ಸೇರಿ ಇದ್ದಿಲನ್ನು ಕೆಡಿಸುತ್ತದೆ.

ಉತ್ತರ 2:
ಕೋಡ್ ಅಳಿಸಿದ ತಕ್ಷಣ "ಸರಿಹೋಯ್ತು" ಅನ್ನಬೇಡಿ. ಬಹುತೇಕ ಗಾಡಿಗಳಲ್ಲಿ ಗಾಡಿ ತಾನೇ ಮಾಡಿಕೊಳ್ಳುವ ಆವಿ ಸೋರಿಕೆಯ ತಪಾಸಣೆ ನಡೆಯುವುದು ಟ್ಯಾಂಕ್ ಸುಮಾರು 15ರಿಂದ 85 ಶೇಕಡಾ ನಡುವೆ ಇದ್ದು, ಎಂಜಿನ್ ರಾತ್ರಿಯಿಡೀ ತಣಿದಿದ್ದಾಗ. ಸ್ಕ್ಯಾನರ್‌ನಲ್ಲಿ ಇವ್ಯಾಪ್ ಮಾನಿಟರ್ (ಇದೇ ತಪಾಸಣೆಯ ಹೆಸರು) "ರೆಡಿ" ಅಂತ ತೋರಿಸಿ, ಕೋಡ್ ಬಾರದಿದ್ದರೆ ಕೆಲಸ ಮುಗಿದಂತೆ.