ಹಳೆಯ ಎಂಎಕ್ಸ್-5 ಅನ್ನು ರೇಸ್ ಕಾರಾಗಿ ಕಟ್ಟುವ ಬಗ್ಗೆ: ಹಾಸನ, ಚಿಕ್ಕಮಗಳೂರು ಕಡೆಯವರ ಅನುಭವ

ಕೇಳಿದವರು: ಹಾಸನದವರು, ಸದ್ಯ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಉದ್ಯೋಗ

ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವನು ನಾನು. ಮಾಜ್ದಾ ಎಂಎಕ್ಸ್-5 ಎಂಬ ಎರಡು ಸೀಟಿನ ಚಿಕ್ಕ ತೆರೆದ ಕಾರೊಂದನ್ನು ಕೊಂಡು, ನನ್ನ ಕೈಯಾರೆ ಸಿದ್ಧಪಡಿಸಿ, ಇಲ್ಲಿನ ಕ್ಲಬ್ ರೇಸುಗಳಲ್ಲಿ ಓಡಿಸಬೇಕೆಂಬ ಆಸೆಯಿದೆ. ಒಂಟಿಯಾಗಿ ಸಮಯದ ವಿರುದ್ಧ ಓಡಿಸುವುದಲ್ಲ. ಹತ್ತಾರು ಕಾರುಗಳು ಒಟ್ಟಿಗೆ ಹೊರಟು ಗಾಲಿಗೆ ಗಾಲಿ ಕೊಟ್ಟು ಓಡುವ ರೇಸು. ಕಾರನ್ನು ಇನ್ನೂ ಕೊಂಡಿಲ್ಲ. ಇಂಜಿನ್ನಿಗೆ ಅದರ ಶಕ್ತಿ ಹೆಚ್ಚಿಸುವ ಟರ್ಬೊ ಕೂರಿಸುವುದರಿಂದ ಆರಂಭಿಸಲೇ ಎಂದು ಯೋಚಿಸುತ್ತಿದ್ದೇನೆ. ನನ್ನ ಎತ್ತರ ಆರು ಅಡಿ. ನಮ್ಮ ಕಡೆಯವರಲ್ಲಿ ರ್‍ಯಾಲಿ, ರೇಸುಗಳ ಕೆಲಸ ಬಲ್ಲವರು ಅನೇಕರಿದ್ದೀರಿ. ಯಾವುದನ್ನು ಮೊದಲು ಮಾಡಬೇಕು, ಹಣವನ್ನು ಎಲ್ಲಿ ಹಾಕಬೇಕು ಎಂಬುದನ್ನು ದಯವಿಟ್ಟು ತಿಳಿಸಿಕೊಡಿ.

ಸಕಲೇಶಪುರದಿಂದ

ನಾನು ಇಂಗ್ಲೆಂಡಿನಲ್ಲಿದ್ದಾಗ ಕೆಲವು ವರ್ಷ ವಾರಾಂತ್ಯಗಳಲ್ಲಿ ಇದೇ ಕಾರುಗಳ ರೇಸಿನಲ್ಲಿ ಪಿಟ್ ಕೆಲಸ, ಅಂದರೆ ಟ್ರ್ಯಾಕಿನ ಬದಿಯಲ್ಲಿ ಕಾರು ಸಜ್ಜುಗೊಳಿಸುವ ಕೆಲಸ, ಮಾಡಿದ್ದೇನೆ. ಈಗ ಊರಿಗೆ ಮರಳಿ ತೋಟ ನೋಡಿಕೊಳ್ಳುತ್ತಿದ್ದೇನೆ. ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು, ಆದರೆ ಟರ್ಬೊ ಎಂಬ ಪದ ಓದಿದಾಗ ಸ್ವಲ್ಪ ಆತಂಕವೂ ಆಯಿತು. ಯಾವ ಚಾಂಪಿಯನ್‌ಶಿಪ್‌ನಲ್ಲಿ ಓಡಿಸುತ್ತೀರಿ ಎಂಬುದೇ ತೀರ್ಮಾನವಾಗದೆ ಇಂಜಿನ್ನಿಗೆ ಕೈ ಹಾಕುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಅಲ್ಲಿ ಬಿಆರ್‌ಎಸ್‌ಸಿಸಿ ಎಂಬ ಕ್ಲಬ್ಬು ಎಂಎಕ್ಸ್-5 ಕಾರುಗಳಿಗಾಗಿಯೇ ಪ್ರತ್ಯೇಕ ರೇಸುಗಳನ್ನು ನಡೆಸುತ್ತದೆ. ಅಮೆರಿಕದಲ್ಲಿ ಇದೇ ಕಾರಿಗೆ ಸ್ಪೆಕ್ ಮಿಯಾಟ ಎಂಬ ವರ್ಗವಿದೆ. ಇಂಥ ಒಂದೇ ಮಾದರಿಯ ರೇಸುಗಳಲ್ಲಿ ಎಲ್ಲರ ಕಾರೂ ಹೆಚ್ಚು ಕಡಿಮೆ ಸಮವಾಗಿರಬೇಕೆಂಬುದೇ ಉದ್ದೇಶ. ಆದ್ದರಿಂದ ಯಾವ ಟೈರು, ಯಾವ ಸ್ಪ್ರಿಂಗು ಮತ್ತು ಷಾಕ್ ಅಬ್ಸಾರ್ಬರು, ಚಾಲಕನೂ ಸೇರಿ ಕನಿಷ್ಠ ಎಷ್ಟು ತೂಕ ಎಂಬುದನ್ನೆಲ್ಲ ನಿಯಮಪುಸ್ತಕವೇ ಹೇಳಿಬಿಡುತ್ತದೆ, ಮತ್ತು ಅಲ್ಲಿ ಬರೆದಿಲ್ಲದ ಬದಲಾವಣೆಯನ್ನು ನಿಷಿದ್ಧವೆಂದೇ ಭಾವಿಸಬೇಕು. ಪುಸ್ತಕವನ್ನು ಪೂರ್ತಿ ಓದಿ, ಕಾರನ್ನು ಆಮೇಲೆ ಹುಡುಕಿ.

ಹಣವೊಂದನ್ನೇ ನೋಡುವುದಾದರೆ, ಈಗಾಗಲೇ ಯಾರೋ ಕಟ್ಟಿ ಓಡಿಸಿದ ಕಾರನ್ನು ಕೊಳ್ಳುವುದೇ ಅಗ್ಗ, ಏಕೆಂದರೆ ಕಟ್ಟಲು ಸುರಿದ ಹಣ ಮಾರುವಾಗ ಯಾರಿಗೂ ಪೂರ್ತಿ ಹಿಂದಿರುಗುವುದಿಲ್ಲ. ಆದರೂ ಸ್ವತಃ ಕಟ್ಟಿದವನಿಗೆ ತನ್ನ ಕಾರಿನ ಪ್ರತಿಯೊಂದು ಬೋಲ್ಟಿನ ಪರಿಚಯವಿರುತ್ತದೆ, ರೇಸಿನ ಮಧ್ಯಾಹ್ನ ಏನಾದರೂ ಕೆಟ್ಟರೆ ಆ ಪರಿಚಯಕ್ಕೆ ಬೆಲೆ ಕಟ್ಟಲಾಗದು. ನೀವು ಕಟ್ಟುವ ಆಸೆಯಿಂದಲೇ ಕೇಳಿದ್ದೀರಾದ್ದರಿಂದ ಮುಂದೆ ಹೇಳುತ್ತೇನೆ.

ಈ ಕಾರು 1989ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಮೊದಲ ಪೀಳಿಗೆ 1997ರವರೆಗೆ, ಎರಡನೆಯದು 1998ರಿಂದ 2005ರವರೆಗೆ ತಯಾರಾಯಿತು. ಮುಂದೆ ಇಂಜಿನ್, ಹಿಂದಿನ ಗಾಲಿಗಳಿಗೆ ಚಾಲನೆ, ನಾಲ್ಕೂ ಗಾಲಿಗಳಿಗೆ, ಒಂದರ ಮೇಲೊಂದು ಎರಡು ತೋಳುಗಳು ಗಾಲಿಯನ್ನು ಹಿಡಿಯುವ ಡಬಲ್ ವಿಷ್‌ಬೋನ್ ಸಸ್ಪೆನ್ಷನ್, ಆರಂಭದ ಕಾರುಗಳ ತೂಕ ಸುಮಾರು 950 ಕಿಲೋ. ರೇಸು ಕಲಿಯುವವನಿಗೆ ಇದಕ್ಕಿಂತ ಸಹನೆಯುಳ್ಳ ಕಾರು ನನಗೆ ಗೊತ್ತಿಲ್ಲ. ಒಂದು ಎಚ್ಚರಿಕೆ: 1.6 ಲೀಟರಿನ ಇಂಜಿನ್ ಆರಂಭದಲ್ಲಿ ಸುಮಾರು 115 ಅಶ್ವಶಕ್ತಿಯದಾಗಿತ್ತು, ಆದರೆ ನಂತರ ಬ್ರಿಟನ್ನಿನಲ್ಲಿ ಅದೇ ಅಳತೆಯ ಇಂಜಿನ್ನನ್ನು 90 ಅಶ್ವಶಕ್ತಿಗೆ ಇಳಿಸಿ ಮಾರಿದರು. ನಿಯಮಪುಸ್ತಕ ಯಾವುದನ್ನು ಹೇಳುತ್ತಿದೆ ಎಂದು ನೋಡಿಕೊಂಡು ಕೊಳ್ಳಿ.

ಕೊಳ್ಳುವಾಗ ಇಂಜಿನ್ನಿಗಿಂತ ಹೆಚ್ಚಾಗಿ ತಗಡನ್ನು ನೋಡಬೇಕು. ನಮ್ಮ ಮಲೆನಾಡಿನ ಮಳೆಯಲ್ಲಿ ಜೀಪುಗಳು ಹೇಗೆ ಒಳಗಿನಿಂದ ತುಕ್ಕು ಹಿಡಿಯುತ್ತವೆ ಎಂದು ನಿಮಗೆ ಗೊತ್ತೇ ಇದೆ. ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವುದರಿಂದ ಇನ್ನೂ ಬೇಗ. ಬಟ್ಟೆಯ ಟಾಪಿನ ಹಿಂದೆ ಮಳೆನೀರು ಇಳಿದುಹೋಗಲು ಎರಡು ಕೊಳವೆಗಳಿವೆ. ಅವು ಕಸ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಸಿಲ್ಲಿನೊಳಗೆ ನಿಂತು ಹಿಂದಿನ ಗಾಲಿಯ ಮುಂದಿರುವ ತಗಡನ್ನು ತಿನ್ನುತ್ತದೆ. ಎರಡನೆಯ ಪೀಳಿಗೆಯಲ್ಲಿ ಕಾರನ್ನು ಮೇಲಕ್ಕೆತ್ತಿ, ಚೌಕಟ್ಟಿನ ಮುಂದಿನ ಉದ್ದ ತೊಲೆಗಳಾದ ಷಾಸಿ ತೋಳುಗಳನ್ನೂ ಪರೀಕ್ಷಿಸಬೇಕು. ಕಾರು ಮಗುಚಿದಾಗ ಚಾಲಕನನ್ನು ಕಾಯುವ ಉಕ್ಕಿನ ಪೈಪುಗಳ ಚೌಕಟ್ಟಾದ ರೋಲ್ ಕೇಜಿನ ಪಾದಗಳು ನೆಲ ಮತ್ತು ಸಿಲ್ಲಿನ ಭಾಗಕ್ಕೇ ಬೆಸೆದುಕೊಳ್ಳುವುದರಿಂದ, ಅಲ್ಲಿ ಗಟ್ಟಿ ಲೋಹವಿಲ್ಲದ ಕಾರು ಎಷ್ಟು ಅಗ್ಗವಾಗಿ ಸಿಕ್ಕರೂ ಬೇಡ. ಗಾಲಿಯ ಕೋನ ಹೊಂದಿಸುವ ಬೋಲ್ಟುಗಳು ಸಸ್ಪೆನ್ಷನ್ ಕೀಲುಗಳ ರಬ್ಬರ್ ಕೊಳವೆಯಾದ ಬುಷ್‌ನೊಳಗೆ ತುಕ್ಕಿನಿಂದ ಕಚ್ಚಿಕೊಂಡಿರುವುದೂ ಈ ಕಾರುಗಳಲ್ಲಿ ಸಾಮಾನ್ಯ. ಅವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ ಎಂದುಕೊಂಡೇ ಹೊಸ ಬೋಲ್ಟು, ಬುಷ್‌ಗಳ ಖರ್ಚು ಇಟ್ಟುಕೊಳ್ಳಿ.

ಇನ್ನು ಇಂಜಿನ್. ರೇಸಿನಲ್ಲಿ ಮುಂದಿನ ಕಾರಿನ ಬೆನ್ನಿಗೆ ಅಂಟಿಕೊಂಡು ಓಡುವಾಗ ರೇಡಿಯೇಟರಿಗೆ ತಾಜಾ ಗಾಳಿ ಕಡಿಮೆಯಾಗುತ್ತದೆ, ಒಂಟಿಯಾಗಿ ಓಡಿದಾಗ ತಣ್ಣಗಿದ್ದ ಇಂಜಿನ್ ಗುಂಪಿನಲ್ಲಿ ಕಾಯುತ್ತದೆ. ಈ ಇಂಜಿನ್ ಮೂಲತಃ ಮಾಜ್ದಾದ ಮುಂಗಾಲಿ ಚಾಲನೆಯ ಕಾರಿನಲ್ಲಿ ಅಡ್ಡಲಾಗಿ ಕೂರುತ್ತಿದ್ದದ್ದು. ಇಲ್ಲಿ ಉದ್ದಕ್ಕೆ ಕೂರಿಸಿದಾಗ ನೀರು ಒಳಹೋಗುವ, ಹೊರಬರುವ ಎರಡೂ ದಾರಿಗಳು ಮುಂಭಾಗದಲ್ಲೇ ಉಳಿದವು, ಹೀಗಾಗಿ ಹಿಂದಿನ ನಾಲ್ಕನೆಯ ಸಿಲಿಂಡರಿನ ಸುತ್ತ ನೀರಿನ ಹರಿವು ಕಡಿಮೆ. ನಿಯಮ ಒಪ್ಪಿದರೆ ನೀರು ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಹಿಂಭಾಗದಿಂದ ಹೊರಬರುವಂತೆ ದಾರಿ ಬದಲಿಸಬಹುದು. ಒಪ್ಪದಿದ್ದರೆ ಹೊಸ ರೇಡಿಯೇಟರ್, ಹೊಸ ಹೋಸ್‌ಗಳು, ಹೊಸ ಮುಚ್ಚಳ ಹಾಕಿ, ಮುಂದಿನ ಬಂಪರಿನ ಕೆಳಗಿರುವ ಪ್ಲಾಸ್ಟಿಕ್ ತಟ್ಟೆಯನ್ನು ಮಾತ್ರ ಎಂದಿಗೂ ಕಿತ್ತುಹಾಕಬೇಡಿ. ತೂಕ ಇಳಿಸುವ ಉತ್ಸಾಹದಲ್ಲಿ ಅನೇಕರು ಅದನ್ನೇ ಮೊದಲು ತೆಗೆಯುತ್ತಾರೆ, ಆದರೆ ಗಾಳಿಯನ್ನು ರೇಡಿಯೇಟರಿನ ಮೂಲಕ ಹೋಗುವಂತೆ ಒತ್ತುವುದು ಅದೇ.

ಹಾಸನದ ಕೈಗಾರಿಕಾ ಪ್ರದೇಶದಿಂದ, ಫ್ಯಾಬ್ರಿಕೇಷನ್ ಕೆಲಸದವರು

ಸಕಲೇಶಪುರದ ಹಿರಿಯರು ಎಲ್ಲವನ್ನೂ ಚೆನ್ನಾಗಿ ಹೇಳಿದ್ದಾರೆ. ನಾನು ಚೆನ್ನೈ, ಕೊಯಮತ್ತೂರು ಟ್ರ್ಯಾಕ್‌ಗಳಿಗೆ ಹೋಗುವ ಕಾರುಗಳಿಗೆ ಕೇಜ್ ಕಟ್ಟುವ ಕೆಲಸದಲ್ಲಿ ಬಹಳ ಕಾಲ ಇದ್ದವನಾದ್ದರಿಂದ ಅದೊಂದನ್ನೇ ವಿವರಿಸುತ್ತೇನೆ.

ತೆರೆದ ಕಾರಿನಲ್ಲಿ ಚಾಲಕನ ತಲೆಯ ಮೇಲೆ ತಗಡಿನ ಛಾವಣಿಯೂ ಇಲ್ಲ. ಮಗುಚಿದರೆ ಕಾಯುವುದು ಕೇಜ್ ಒಂದೇ. ಮೋಟಾರ್ ರೇಸುಗಳ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ನಿಯಮದಂತೆ ಚಾಲಕನ ಬೆನ್ನ ಹಿಂದಿನ ಮುಖ್ಯ ಕಮಾನಿಗೆ 45 ಮಿಲಿಮೀಟರ್ ವ್ಯಾಸ, 2.5 ಮಿಲಿಮೀಟರ್ ದಪ್ಪದ, ಅಥವಾ 50 ಮಿಲಿಮೀಟರ್ ವ್ಯಾಸ, 2 ಮಿಲಿಮೀಟರ್ ದಪ್ಪದ ಪೈಪು ಬೇಕು. ಅದು ಸೀಮ್‌ಲೆಸ್ ಆಗಿರಬೇಕು. ಅಂಗಡಿಯಲ್ಲಿ ಗೇಟು, ಕಿಟಕಿಗೆ ಕೊಡುವ ಬೆಸುಗೆ ಗೀಟಿನ ಪೈಪು ಖಂಡಿತ ಕೂಡದು. ಬಗ್ಗಿಸಿದ ಜಾಗದಲ್ಲಿ ಪೈಪು ಚಪ್ಪಟೆಯಾಗಿದ್ದರೆ ಅದನ್ನು ತೆಗೆದುಹಾಕಿ. ಪ್ರತಿ ಪಾದದ ಕೆಳಗೆ ಕನಿಷ್ಠ 3 ಮಿಲಿಮೀಟರ್ ದಪ್ಪದ, 120 ಚದರ ಸೆಂಟಿಮೀಟರಿಗೆ ಕಡಿಮೆಯಿಲ್ಲದ ಉಕ್ಕಿನ ತಟ್ಟೆಯನ್ನು ಕಾರಿನ ಬಾಡಿಯ ತಗಡಿಗೆ ಬೆಸೆಯಬೇಕು, ಇಲ್ಲವಾದರೆ ಪೆಟ್ಟು ಬಿದ್ದಾಗ ಪೈಪು ತೆಳು ತಗಡನ್ನು ತೂರಿ ಇಳಿಯುತ್ತದೆ. ಪ್ರತಿ ಜೋಡಣೆಯೂ ಸುತ್ತಲೂ ಪೂರ್ತಿ ಬೆಸುಗೆಯಾಗಬೇಕು. ಮುಚ್ಚಿದ ಕಾರಿನಲ್ಲಿ ಛಾವಣಿ ಅಡ್ಡ ಬರುವುದರಿಂದ ಮೇಲಿನ ಜೋಡಣೆಗಳಿಗೆ ಬೆಸುಗೆಯ ಟಾರ್ಚ್ ಹೋಗುವುದೇ ಕಷ್ಟ. ನಿಮ್ಮ ಕಾರಿನಲ್ಲಿ ಆ ಅಡ್ಡಿ ಇಲ್ಲ, ಆದ್ದರಿಂದ ಅರ್ಧ ಬೆಸುಗೆಗೆ ಯಾವ ಸಬೂಬೂ ಇಲ್ಲ.

ನೀವು ಆರು ಅಡಿ ಎಂದಿದ್ದೀರಿ. ಈ ಕಾರಿನಲ್ಲಿ ಅದೇ ದೊಡ್ಡ ಪ್ರಶ್ನೆ. ಆದ್ದರಿಂದ ಮೊದಲು ರೇಸ್ ಸೀಟು ತನ್ನಿ, ಜಾರುವ ಹಳಿ ತೆಗೆದು ಅದನ್ನು ಆದಷ್ಟು ಕೆಳಕ್ಕೆ ಕೂರಿಸಿ, ಹೆಲ್ಮೆಟ್ ಧರಿಸಿ ಅದರಲ್ಲಿ ಕುಳಿತುಕೊಳ್ಳಿ. ಕೇಜಿನ ಅಳತೆ ಅಲ್ಲಿಂದ ಶುರುವಾಗಬೇಕು. ಮುಖ್ಯ ಕಮಾನಿನ ತುದಿಯಿಂದ ಮುಂದಿನ ಕಮಾನಿನ ತುದಿಗೆ ಒಂದು ನೇರ ಕೋಲು ಇಟ್ಟರೆ ಹೆಲ್ಮೆಟ್ ಅದಕ್ಕಿಂತ ಕನಿಷ್ಠ ಎರಡು ಅಂಗುಲ ಕೆಳಗಿರಬೇಕು. ಮುಂದಿನ ಕಮಾನಿಲ್ಲದೆ ಬೆನ್ನ ಹಿಂದೆ ಮಾತ್ರ ಬರುವ ರೋಲ್ ಬಾರ್ ಕೂಡ ಈ ಕಾರಿಗೆ ಸಿಗುತ್ತದೆ. ಅದು ಟ್ರ್ಯಾಕಿನಲ್ಲಿ ಅಭ್ಯಾಸಕ್ಕೆ ಆದೀತು, ಗಾಲಿಗೆ ಗಾಲಿ ಓಡುವ ರೇಸಿಗೆ ನಾನು ಒಪ್ಪುವುದಿಲ್ಲ. ಬಾಗಿಲ ಕಡೆಗೆ ಅಡ್ಡ ಪೈಪುಗಳು ಇರಲೇಬೇಕು, ಏಕೆಂದರೆ ನಿಮ್ಮ ಪಕ್ಕದಲ್ಲಿ ಇನ್ನೊಂದು ಕಾರು ಇರುತ್ತದೆ.

ಬೆಲ್ಟಿನ ಹೆಗಲ ಪಟ್ಟಿಗಳು ಹೆಗಲಿನಿಂದ ಹೆಚ್ಚು ಕಡಿಮೆ ನೇರವಾಗಿ ಹಿಂದಕ್ಕೆ ಹೋಗಿ ಕೇಜಿನ ಅಡ್ಡಪೈಪಿಗೆ ಕಟ್ಟಿಕೊಳ್ಳಬೇಕು. ಕಡಿದಾಗಿ ನೆಲಕ್ಕೆ ಇಳಿಸಿದರೆ ಡಿಕ್ಕಿಯಾದಾಗ ಅವೇ ಬೆನ್ನುಮೂಳೆಯನ್ನು ಕೆಳಕ್ಕೆ ಒತ್ತುತ್ತವೆ. ಬೆಲ್ಟಿಗೂ ಸೀಟಿಗೂ ಎಫ್‌ಐಎ ಚೀಟಿಯ ಮೇಲೆ ಅವಧಿ ನಮೂದಾಗಿರುತ್ತದೆ. ಹಳೆಯ ರೇಸ್ ಕಾರು ಕೊಳ್ಳುವವರು ಆ ದಿನಾಂಕ ನೋಡದೆ ದುಡ್ಡು ಕೊಡಬಾರದು.

ಕಡೆಯದಾಗಿ, ನೀವೇ ಬೆಸುಗೆ ಕಲಿತು ಕೇಜ್ ಕಟ್ಟುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಪ್ರಮಾಣಪತ್ರವಿರುವ ಸಿದ್ಧ ಕೇಜ್ ಕೊಂಡು, ಅನುಭವಸ್ಥರಿಂದ ಕೂರಿಸಿ, ಬಳಿಕ ಅದಕ್ಕೆ ತೂತು ಕೊರೆಯುವುದಾಗಲಿ ಇನ್ನೊಂದು ಪೈಪು ಬೆಸೆಯುವುದಾಗಲಿ ಮಾಡಬೇಡಿ, ಪ್ರಮಾಣಪತ್ರ ಬಿದ್ದುಹೋಗುತ್ತದೆ. ಬೆಸುಗೆಗೆ ಮುನ್ನ ಬ್ಯಾಟರಿ, ಇಂಜಿನ್ ನಿಯಂತ್ರಿಸುವ ಇಲೆಕ್ಟ್ರಾನಿಕ್ ಪೆಟ್ಟಿಗೆಯಾದ ಇಸಿಯು ಎರಡನ್ನೂ ಕಾರಿನಿಂದ ತೆಗೆದಿಡಿ.

ಚಿಕ್ಕಮಗಳೂರಿನಿಂದ

2016ರಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿಯ ಸುತ್ತು ನಮ್ಮ ಕಾಫಿ ತೋಟದ ರಸ್ತೆಗಳಲ್ಲಿ ನಡೆದಾಗ ಅದನ್ನು ಕಣ್ಣಾರೆ ಕಂಡವಳು ನಾನು, ಸ್ಥಳೀಯ ರ್‍ಯಾಲಿಗಳಲ್ಲಿ ಸರ್ವಿಸ್ ತಂಡದ ಜೊತೆ ಕೆಲಸವನ್ನೂ ಮಾಡಿದ್ದೇನೆ. ರ್‍ಯಾಲಿಯಲ್ಲಿ ಕಾರು ಒಂದೊಂದಾಗಿ ಹೊರಡುತ್ತದೆ, ರೇಸಿನಲ್ಲಿ ಹಾಗಲ್ಲ. ಆದರೆ ಕಾರು ಕೊನೆಯವರೆಗೆ ಓಡಿ ಮುಗಿಸಬೇಕೆಂಬುದು ಎರಡಕ್ಕೂ ಸಮಾನ.

ಬ್ರೇಕಿನ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಹೇಳುತ್ತೇನೆ. ಇಷ್ಟು ಹಗುರ ಕಾರಿಗೆ ಕಂಪನಿಯ ಡಿಸ್ಕುಗಳು, ಅವುಗಳಿಗೆ ಪ್ಯಾಡು ಒತ್ತುವ ಕ್ಯಾಲಿಪರುಗಳೇ ಸಾಕು. ರೇಸಿಗೆ ತಕ್ಕ ಪ್ಯಾಡು ಮತ್ತು ತಾಜಾ ಬ್ರೇಕ್ ಆಯಿಲ್ ಬೇಕು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ಆದರೆ ಅದು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು, ತೇವ ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೂ ಇಳಿಯಬಹುದು. ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಡಬ್ಬಿ ತೆರೆದು ಉಳಿದದ್ದನ್ನು ಮುಂದಿನ ತಿಂಗಳ ರೇಸಿಗೆ ಎತ್ತಿಡಬೇಡಿ. ಕ್ಯಾಲಿಪರ್ ಜಾರುವ ಪಿನ್ನುಗಳು ಈ ಕಾರಿನಲ್ಲಿ ಬಿಗಿದುಕೊಳ್ಳುತ್ತವೆ ಎಂದು ಕೇಳಿದ್ದೇನೆ, ಅವನ್ನು ತೊಳೆದು ಗ್ರೀಸ್ ಹಾಕಿ.

ಪ್ರತಿ ಓಟದ ನಂತರ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡುವುದು ನಮ್ಮ ತಂಡದ ಕಡ್ಡಾಯ ನಿಯಮ. ಅಂಟುವ ಟೈರಿನಲ್ಲಿ ಗಾಲಿಯ ನಡುಭಾಗವಾದ ಹಬ್‌ನ ಬೇರಿಂಗ್ ಬೇಗ ಸವೆಯುತ್ತದೆ. ಬಿಗಿ ಮಾಡಿದ ಪ್ರತಿ ನಟ್ಟಿಗೂ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಗೆರೆ ಮುರಿದಿದೆಯೇ ಎಂದು ಕಣ್ಣಿನಲ್ಲೇ ನೋಡಿ ಸಡಿಲವಾದದ್ದನ್ನು ಕಂಡುಹಿಡಿಯಬಹುದು.

ಕೇಜ್ ಕೂರಿಸಿದ ಕಾರನ್ನು ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಓಡಿಸಬೇಡಿ. ಸಣ್ಣ ಡಿಕ್ಕಿಯಲ್ಲೂ ತಲೆ ಉಕ್ಕಿನ ಪೈಪಿಗೆ ಬಡಿಯುತ್ತದೆ. ಟ್ರ್ಯಾಕಿಗೆ ಟ್ರೇಲರಿನಲ್ಲೇ ಸಾಗಿಸಿ, ಅದರ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿ.

ಕೇಳಿದವರು ಮತ್ತೆ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಟರ್ಬೊ ಯೋಚನೆ ಬಿಟ್ಟೆ. ಡಿಸೆಂಬರಿನಲ್ಲಿ ಊರಿಗೆ ಬಂದಾಗ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ತರಬೇತಿ ಪಡೆದರೆ ಇಲ್ಲಿ ಉಪಯೋಗವಾಗುವುದೇ? ಹಣವನ್ನು ಯಾವ ಕ್ರಮದಲ್ಲಿ ಹಾಕಲಿ?

ಸಕಲೇಶಪುರದಿಂದ ಮತ್ತೆ

ಕರಿಯ ಟ್ರ್ಯಾಕು 2.1 ಕಿಲೋಮೀಟರಿನದು, ಚಿಕ್ಕದು, ತಿರುವುಗಳು ಒಂದರ ಹಿಂದೊಂದು ಬರುತ್ತವೆ; ಕಾರಿನ ತೂಕ ಎತ್ತ ಸರಿಯುತ್ತದೆ ಎಂಬುದನ್ನು ಕಲಿಯಲು ಒಳ್ಳೆಯ ಜಾಗ, ಖಂಡಿತ ಹೋಗಿ. ಆದರೆ ಅದು ಇಂಗ್ಲೆಂಡಿನ ರೇಸ್ ಲೈಸೆನ್ಸಿಗೆ ಬದಲಿಯಾಗದು. ಬ್ರಿಟನ್ನಿನಲ್ಲಿ ಹೊಸಬರು ಆ ಲೈಸೆನ್ಸಿಗಾಗಿ ಎಆರ್‌ಡಿಎಸ್ ಎಂಬ ಪರೀಕ್ಷೆ ಪಾಸು ಮಾಡಬೇಕು. ಅದರಲ್ಲಿ, ರೇಸಿನ ನಡುವೆ ಚಾಲಕರಿಗೆ ಸೂಚನೆ ಕೊಡುವ ಬಾವುಟಗಳ ಭಾಗಕ್ಕೆ ಒಂದು ತಪ್ಪೂ ಇಲ್ಲದೆ ಉತ್ತರಿಸಬೇಕು. ಲೈಸೆನ್ಸ್ ಬಂದ ಮೇಲೂ ಆರಂಭದ ರೇಸುಗಳಲ್ಲಿ ಕಾರಿನ ಹಿಂದೆ ಹಳದಿ ಚೌಕದ ಮೇಲೆ ಕಪ್ಪು ಗುಣಾಕಾರ ಚಿಹ್ನೆ ಅಂಟಿಸಿಕೊಂಡು ಓಡಬೇಕಾಗುತ್ತದೆ. ಹಿಂದಿನವರು ಅದನ್ನು ನೋಡಿ ನಿಮಗೆ ಸ್ವಲ್ಪ ಜಾಗ ಬಿಡುತ್ತಾರೆ.

ಕ್ರಮ ಕೇಳಿದಿರಿ. ತುಕ್ಕಿಲ್ಲದ ಬಾಡಿ, ಸೀಟು, ಕೇಜ್, ಬೆಲ್ಟು, ಕತ್ತಿನ ರಕ್ಷಣೆಯ ಹ್ಯಾನ್ಸ್ ಸಾಧನ, ಬೆಂಕಿ ತಡೆಯುವ ಉಡುಪು, ಅಗ್ನಿಶಾಮಕ, ಒಂದೇ ತಿರುವಿಗೆ ಇಂಜಿನ್ನೂ ವಿದ್ಯುತ್ತೂ ನಿಲ್ಲುವ ಸ್ವಿಚ್ಚು. ಇವುಗಳಲ್ಲಿ ಎಲ್ಲಿಯೂ ಉಳಿತಾಯ ನೋಡಬೇಡಿ. ಆಮೇಲೆ ಬ್ರೇಕು, ನೀರು, ಬುಷ್ ಮತ್ತು ಬೇರಿಂಗ್. ನಿಯಮ ಹೇಳಿದ ಸ್ಪ್ರಿಂಗು, ಟೈರು ಅದರ ನಂತರ. ಇಷ್ಟಾದ ಮೇಲೆ ಕೈಯಲ್ಲಿ ಏನಾದರೂ ಉಳಿದರೆ ಅದನ್ನು ಇಂಜಿನ್ನಿಗೆ ಹಾಕದೆ ಟ್ರ್ಯಾಕ್ ಅಭ್ಯಾಸದ ದಿನಗಳಿಗೆ ಹಾಕಿ. ನಾಲ್ಕು ಗಾಲಿಗಳನ್ನೂ ತೂಕದ ತಟ್ಟೆಯ ಮೇಲೆ ನಿಲ್ಲಿಸಿ ಭಾರ ಹೊಂದಿಸುವಾಗ ನೀವು ಹೆಲ್ಮೆಟ್, ಉಡುಪು ಸಮೇತ ಸೀಟಿನಲ್ಲಿ ಕುಳಿತಿರಿ, ಟ್ಯಾಂಕಿನಲ್ಲಿ ರೇಸಿಗೆ ತುಂಬಿಸುವಷ್ಟೇ ಪೆಟ್ರೋಲ್ ಇರಲಿ.