ಅಪ್‌ಡೇಟ್: ರಾತ್ರಿ ಹೊಲ ಕಾಯೋಕೆ ಕೊನೆಗೆ ಏನು ಹಾಕಿಕೊಂಡೆ

ಹೋದ ತಿಂಗಳು ಕೇಳಿದ್ದೆ: ಚಿತ್ರದುರ್ಗದ ಜೋಗಿಮಟ್ಟಿ ಕಡೆ ನಮ್ಮ ಮೆಕ್ಕೆಜೋಳಕ್ಕೆ ಹಂದಿ ನುಗ್ಗುತ್ತಿವೆ, ರಾತ್ರಿಯೆಲ್ಲ ಕಾಯಬೇಕು, ಚಳಿಗೆ ಜಾಕೆಟ್ ತಗೊಳ್ಳಲಾ ಕಂಬಳಿ ತಗೊಳ್ಳಲಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಎರಡೂ ಬೇಕಾಯಿತು. ಮೊದಲ ರಾತ್ರಿ ಕಾಟನ್ ಬನಿಯನ್ ಮೇಲೆ ಒಂದು ಅಗ್ಗದ ಜಾಕೆಟ್ ಹಾಕಿಕೊಂಡು ಹೋದೆ. ಹೊಲ ಸುತ್ತಿ ಬೆವತೆ, ಆಮೇಲೆ ಸುಮ್ನೆ ಕೂತಾಗ ಆ ಒದ್ದೆ ಬನಿಯನ್ನೇ ಮೈ ಕೊರೆಯಿತು. ಬೇಲಿಯ ಜಾಲಿಮುಳ್ಳಿಗೆ ಸಿಕ್ಕು ತೋಳೂ ಹರಿಯಿತು.

ಈಗ ಒಳಗೆ ತೆಳು ಥರ್ಮಲ್, ಮೇಲೆ ಉಲ್ಲನ್ ಸ್ವೆಟರ್, ಓಡಾಡುವಾಗ ದಪ್ಪ ಬಟ್ಟೆಯ ಜಾಕೆಟ್, ಕೂತಾಗ ಚಳ್ಳಕೆರೆ ಕಂಬಳಿ. ಕುರಿ ಉಣ್ಣೆ ಇಬ್ಬನಿಗೆ ಸ್ವಲ್ಪ ನೆನೆದರೂ ಬೆಚ್ಚಗಿರುತ್ತದೆ, ಹತ್ತಿ ಹಾಗಲ್ಲ. ಹೊಸ ಕಂಬಳಿ ಚುಚ್ಚುತ್ತದೆ, ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿರುತ್ತಾರೆ ಅಲ್ವಾ, ಬಿರುಸು ಜಾಸ್ತಿ. ಬಳಸ್ತಾ ಮೆತ್ತಗಾಗುತ್ತಿದೆ. ನಮ್ಮಪ್ಪನ ಕಂಬಳಿ ಇವತ್ತಿಗೂ ಗಟ್ಟಿಯಾಗಿದೆ. ಕಾಲಿಗೆ ಉಲ್ಲನ್ ಸಾಕ್ಸ್, ಕಿವಿಗೆ ಮಫ್ಲರ್.

ಹಂದಿ ಹೊಡೆದುಬಿಡು ಅಂದವರಿಗೆ: 1972ರ ವನ್ಯಜೀವಿ ಕಾಯ್ದೆ ಇದೆ, ಅನುಮತಿ ಇಲ್ಲದೆ ಹೊಡೆಯುವ ಹಾಗಿಲ್ಲ. ನನಗೆ ಟಾರ್ಚು, ತಗಡಿನ ಡಬ್ಬದ ಸದ್ದು ಸಾಕಾಗುತ್ತಿದೆ.