ವಿಟಮಿನ್ ಡಿ ಪುಡಿ ಕುಡಿದರೆ ಗರ್ಭಕೋಶದ ಗಡ್ಡೆ ಕರಗುತ್ತದಾ?

ಪಯಸ್ವಿನಿ, ಬದಿಯಡ್ಕ
ನಮ್ಮ ವಾರ್ಡಿನ ಕುಟುಂಬಶ್ರೀ (ಕೇರಳದ ಸ್ವಸಹಾಯ ಗುಂಪು) ಹೆಂಗಸರ ನಡುವೆ ಈಗ ಇದೇ ಮಾತು. ಒಬ್ಬರಿಗೆ 41 ವರ್ಷ. ಸ್ಕ್ಯಾನಿಂಗ್‌ನಲ್ಲಿ 3.8 ಸೆಂ.ಮೀ. ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಕಂಡಿದೆ, ರಕ್ತದಲ್ಲಿ ವಿಟಮಿನ್ ಡಿ 11 ನ್ಯಾನೋಗ್ರಾಂ. ಮುಟ್ಟು 8 ದಿನ ನಿಲ್ಲುವುದಿಲ್ಲ. ಡಿ ಪುಡಿ ಕುಡಿದರೆ ಗಡ್ಡೆ ಕರಗುತ್ತದೆ, ಆಪರೇಷನ್ ಬೇಡ ಅಂತ ವಾಟ್ಸಾಪಿನಲ್ಲಿ ಬಂದದ್ದನ್ನು ಎಲ್ಲರೂ ನಂಬಿದ್ದಾರೆ. ಎಷ್ಟು ನಿಜ? ಕುಡಿಯುವುದಾದರೆ ಹೇಗೆ?

ನರ್ಸ್, ಸ್ತ್ರೀರೋಗ ವಿಭಾಗ
ಸಂಬಂಧ ಇದೆ ಅಕ್ಕ, ಆದರೆ ಗಡ್ಡೆಗೆ ಅದೇ ಮದ್ದು ಅನ್ನುವಷ್ಟು ಆಧಾರ ಇಲ್ಲ. ಅಮೆರಿಕದ ವಾಷಿಂಗ್ಟನ್‌ನಲ್ಲಿ 35ರಿಂದ 49 ವಯಸ್ಸಿನ 1,036 ಹೆಂಗಸರನ್ನು ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಡಿ ಒಂದು ಮಿ.ಲೀ. ರಕ್ತಕ್ಕೆ 20 ನ್ಯಾನೋಗ್ರಾಂ ದಾಟಿದವರಲ್ಲಿ ಫೈಬ್ರಾಯ್ಡ್ ಇರುವ ಸಂಭವ ಸುಮಾರು 32 ಶೇಕಡಾ ಕಡಿಮೆ. ಡಿ ಕಡಿಮೆಯಾದದ್ದರಿಂದಲೇ ಗಡ್ಡೆ ಬಂತು ಅಂತ ಅದರಿಂದ ಸಾಬೀತಾಗುವುದಿಲ್ಲ. ಪ್ರಯೋಗಾಲಯದ ಇಲಿಗಳಲ್ಲಿ ಗಡ್ಡೆ ಕುಗ್ಗಿದ್ದು ನಿಜ. ಅಲ್ಲಿ ಕೊಟ್ಟದ್ದು ಡಿಯ ಸಕ್ರಿಯ ರೂಪ. ಅದನ್ನು ಆ ಪ್ರಮಾಣದಲ್ಲಿ ಮನುಷ್ಯರಿಗೆ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಏರಿಬಿಡುತ್ತದೆ. ಮನುಷ್ಯರ ಮೇಲಿನ ಪ್ರಯೋಗಗಳು ಸಣ್ಣವು, ಫಲಿತಾಂಶವೂ ಒಂದೇ ತೆರನಾಗಿಲ್ಲ.

ಹಾಗಾಗಿ 11 ಇದ್ದದ್ದನ್ನು ಸರಿಮಾಡಲೇಬೇಕು, ಅದು ಎಲುಬಿಗೂ ಸ್ನಾಯುವಿಗೂ ಬೇಕು. ಆದರೆ ಅದನ್ನು ನಂಬಿ 8 ದಿನದ ರಕ್ತಸ್ರಾವವನ್ನು ಬಿಟ್ಟುಹಾಕಬೇಡಿ. ಮೊದಲು ಹಿಮೋಗ್ಲೋಬಿನ್ ನೋಡಿಸಿ. 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಗಡ್ಡೆಯ ಗಾತ್ರಕ್ಕಿಂತ ಅದು ಎಲ್ಲಿ ಕೂತಿದೆ ಎಂಬುದು ಮುಖ್ಯ. ಗರ್ಭಕೋಶದ ಒಳಪದರಕ್ಕೆ ಚಾಚಿದ ಒಂದೂವರೆ ಸೆಂ.ಮೀ. ಗಡ್ಡೆ, ಹೊರಮೈಯ ಆರು ಸೆಂ.ಮೀ. ಗಡ್ಡೆಗಿಂತ ಹೆಚ್ಚು ರಕ್ತ ಸುರಿಸಬಹುದು. ರಿಪೋರ್ಟಿನಲ್ಲಿ ‘ಸಬ್‌ಮ್ಯೂಕೋಸಲ್’ (ಒಳಪದರದ ಕಡೆಗೆ ಚಾಚಿದ್ದು) ಅಂತ ಇದ್ದರೆ ತಡಮಾಡಬೇಡಿ. ಗಂಟೆಗೊಂದು ಪ್ಯಾಡ್ ಬೇಕಾಗುತ್ತಿದ್ದರೆ, ತಲೆ ತಿರುಗುತ್ತಿದ್ದರೆ ಆ ದಿನವೇ ಆಸ್ಪತ್ರೆಗೆ.

ಮದ್ದಿನಂಗಡಿ, ಪೆರ್ಲ
ಪುಡಿಯ ವಿಷಯ ನಾನು ಹೇಳುತ್ತೇನೆ. ಡಾಕ್ಟರು ಸಾಮಾನ್ಯವಾಗಿ ಬರೆಯುವುದು 60,000 ಯೂನಿಟ್‌ನ ಪೊಟ್ಟಣ, ವಾರಕ್ಕೊಂದು, 8 ವಾರ. ಆಮೇಲೆ ತಿಂಗಳಿಗೊಂದು. ದೊಡ್ಡ ತಪ್ಪು ಆಗುವುದು ಇಲ್ಲೇ: ದಿನಕ್ಕೊಂದು ಅಂತ ತಿಳಿದು ಕುಡಿಯುತ್ತಾರೆ. ಮಲಯಾಳದಲ್ಲಿ ‘ಆಳ್ಚಯಿಲ್ ಒರಿಕ್ಕಲ್’ (ವಾರಕ್ಕೊಮ್ಮೆ) ಅಂದದ್ದು ಮನೆ ಮುಟ್ಟುವಾಗ ಮರೆತಿರುತ್ತದೆ, ಚೀಟಿ ಇಂಗ್ಲಿಷಿನಲ್ಲಿ. ಒಂದೊಂದು ಪೊಟ್ಟಣದ ಮೇಲೂ ಪೆನ್ನಿನಲ್ಲಿ ಆದಿತ್ಯವಾರದ ತಾರೀಕು ಬರೆದುಕೊಡಿ.

ಊಟವಾದ ಮೇಲೆ ಅರ್ಧ ಲೋಟ ಹಾಲಿಗೆ ಹಾಕಿ ಕದಡಿ. ಇದು ಕೊಬ್ಬಿನೊಡನೆ ಸೇರುವ ವಿಟಮಿನ್. ಖಾಲಿ ಹೊಟ್ಟೆಗೆ ಕುಡಿದರೆ ಮೈಗೆ ಹತ್ತುವುದು ಕಮ್ಮಿ. ಪುಡಿ ತಳದಲ್ಲಿ ಕೂರುತ್ತದೆ, ಇನ್ನೊಂದು ಗುಟುಕು ಹಾಲು ಹಾಕಿ ಲೋಟ ಅಲುಗಿಸಿ ಅದನ್ನೂ ಕುಡಿಯಲಿ. ಕಬ್ಬಿಣದ ಮಾತ್ರೆ ಇದ್ದರೆ ಆ ಹಾಲಿನ ಜೊತೆ ಬೇಡ, ಚಹಾದ ಜೊತೆಯೂ ಬೇಡ. ಎರಡು ಗಂಟೆ ಬಿಡಿ.

ಕಿಡ್ನಿ ಕಲ್ಲು ಇದ್ದವರು, ಬಿಪಿಗೆ ಮೂತ್ರದ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ವಾಂತಿ, ಮಲಬದ್ಧತೆ, ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ ಶುರುವಾದರೆ ಪುಡಿ ನಿಲ್ಲಿಸಿ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಬೇಕು.

ಪಯಸ್ವಿನಿ, ಬದಿಯಡ್ಕ
ನಾನು ಹೇಳಿದವರು ಅಡಿಕೆ ಒಣಗಿಸುವ ಅಂಗಳದಲ್ಲೇ ಇರುವವರು. ಬಿಸಿಲಿಗೇನು ಕಮ್ಮಿ?

ಲ್ಯಾಬ್, ಕುಂಬಳೆ
ಅಂಗಳದ ಕೆಲಸ ಹೆಚ್ಚಾಗಿ ಬೆಳಿಗ್ಗೆ ಮತ್ತು ಇಳಿಬಿಸಿಲಿಗೆ ನಡೆಯುತ್ತದೆ. ತುಂಬುತೋಳಿನ ಅಂಗಿ, ತಲೆಗೆ ಬಟ್ಟೆ ಅಥವಾ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ). ಡಿ ತಯಾರಾಗಲು ಬೇಕಾದ ಕಿರಣ ಸಿಗುವುದು ಮೈಯ ನೆರಳು ಮೈಯ ಎತ್ತರಕ್ಕಿಂತ ಗಿಡ್ಡವಿರುವಾಗ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ, ಮತ್ತೆ ತೋಟದೊಳಗೆ ನೆರಳು. ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತು ಬೇಕು.

ಪರೀಕ್ಷೆಯ ಬಗ್ಗೆ ಎರಡು ಮಾತು. ಡಿಗೆ ಮಾಡಿಸಬೇಕಾದದ್ದು ‘25 ಹೈಡ್ರಾಕ್ಸಿ’ ಎಂಬ ರಕ್ತಪರೀಕ್ಷೆ. ಒಂದು ಮಿ.ಲೀ.ಗೆ 11 ನ್ಯಾನೋಗ್ರಾಂ ಅಂದರೆ ಒಂದು ಲೀಟರಿಗೆ 27.5 ನ್ಯಾನೋಮೋಲ್, ಬೇರೆ ಲ್ಯಾಬಿನ ರಿಪೋರ್ಟಿನಲ್ಲಿ 27.5 ಕಂಡು ಏರಿತು ಅಂತ ತಿಳಿಯಬೇಡಿ. ಕೂದಲಿಗೆ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ, ಕೆಲವು ಯಂತ್ರಗಳಲ್ಲಿ ಅಂಕಿ ಸುಳ್ಳಾಗಿ ಹೆಚ್ಚು ಬರುತ್ತದೆ. ಮರುಪರೀಕ್ಷೆ 3 ತಿಂಗಳಾದ ಮೇಲೆ. ಮುಂದಿನ ಸ್ಕ್ಯಾನಿಂಗ್‌ನಲ್ಲಿ 3.8 ಇದ್ದದ್ದು 3.5 ಆದರೆ ಕರಗಿತು ಅನ್ನಬೇಡಿ, ಅಳೆಯುವ ಕೈ ಬದಲಾದರೇ ಅಷ್ಟು ವ್ಯತ್ಯಾಸ ಬರುತ್ತದೆ. ಸಾಧ್ಯವಾದರೆ ಅದೇ ಸೆಂಟರಿನಲ್ಲಿ ಮಾಡಿಸಿ, ಹಳೆಯ ರಿಪೋರ್ಟು ಕೈಯಲ್ಲಿರಲಿ.